ಹತ್ತಿಯ ಬೆಲೆ ಮತ್ತು ಹಗೆಯ ಲೆಕ್ಕ



ಎಲ್ಲಿಯಾದರೂ ಜನರ ಗುಂಪೊಂದು ಅನ್ಯ ಜಾತಿಯ, ಅನ್ಯ ಧರ್ಮದ ಅಥವಾ ಅನ್ಯ ಭಾಷೆಯ ಒಬ್ಬನನ್ನು ಹೊಡೆದು ಕೊಂದ ಸುದ್ದಿ ಬಂದಾಗ, ಭಾನುವಾರದ ಪೂಜೆ ಮುಗಿಸಿ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವ ನಮ್ಮಲ್ಲಿ ಒಂದು ವಿವರಣೆ ಸಿದ್ಧವಾಗಿಯೇ ಇರುತ್ತದೆ: "ಕೆಲಸವಿಲ್ಲ, ಕೈಯಲ್ಲಿ ಕಾಸಿಲ್ಲ, ಓದಿಲ್ಲ, ಅಂಥ ಹುಡುಗರು ಇನ್ನೇನು ಮಾಡಿಯಾರು?" ಮೇಲ್ನೋಟಕ್ಕೆ ಈ ಮಾತಿನಲ್ಲಿ ಬಡವರ ಬಗ್ಗೆ ಕನಿಕರ ಕಾಣುತ್ತದೆ. ಒಳಹೊಕ್ಕು ನೋಡಿದರೆ ಅದು ಬಡವರ ಮೇಲೆ ಹೊರಿಸಿದ ಆರೋಪವೂ ಹೌದು. ಹಗೆಯೆಂಬುದು ಹಸಿದವರ ಕಾಯಿಲೆ, ಉಂಡು ಉಟ್ಟು ನೆಮ್ಮದಿಯಾಗಿರುವ ನಮ್ಮಂಥವರ ಮನೆಗೆ ಅದು ಬಾರದು ಎಂಬ ಸಮಾಧಾನ ಅದರ ಬೆನ್ನಿಗೇ ಅಂಟಿಕೊಂಡಿದೆ.

ಈ ವಿವರಣೆ ಎಷ್ಟರಮಟ್ಟಿಗೆ ನಿಜ? ಇದನ್ನು ಊಹೆಗೆ ಬಿಡದೆ ಅಂಕಿಅಂಶಗಳಿಂದ ಪರೀಕ್ಷಿಸಲು ನಡೆದ ಪ್ರಯತ್ನಗಳಿಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಆ ಇತಿಹಾಸ ಹೆಚ್ಚಾಗಿ ನಡೆದದ್ದು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ರಾಜ್ಯಗಳನ್ನು ಕುರಿತು. ಅಲ್ಲಿ 1865ರಲ್ಲಿ ಗುಲಾಮಗಿರಿ ಕಾನೂನಿನ ಮೂಲಕ ಕೊನೆಗೊಂಡಿತು. ಬಿಡುಗಡೆ ಹೊಂದಿದ ಕಪ್ಪುವರ್ಣೀಯರು ಮತದಾನದ ಹಕ್ಕನ್ನು ಪಡೆದರು, ಶಾಲೆಗಳನ್ನು ಕಟ್ಟಿದರು, ಅಲ್ಲಲ್ಲಿ ಜಮೀನು ಕೊಂಡರು. 1877ರಲ್ಲಿ ಕೇಂದ್ರ ಸರ್ಕಾರವು ಕೈಬಿಟ್ಟ ಮೇಲೆ ಹಳೆಯ ಯಜಮಾನ ವರ್ಗವು ಮತ್ತೆ ತಲೆಯೆತ್ತಿತು. ಆರೋಪಿಯೆಂದು ಹೆಸರಿಸಲಾದವನನ್ನು ವಿಚಾರಣೆಯಿಲ್ಲದೆ, ಎಷ್ಟೋ ಸಲ ಸೆರೆಮನೆಯಿಂದಲೇ ಎಳೆದು ತಂದು, ಗುಂಪು ಸೇರಿ ಕೊಲ್ಲುವ ಪದ್ಧತಿ ಬೇರೂರಿತು. ಅದಕ್ಕೆ ಅಲ್ಲಿ ಲಿಂಚಿಂಗ್ ಎಂದು ಹೆಸರು. ಇದೆಲ್ಲ ಕತ್ತಲಲ್ಲಿ ಗುಟ್ಟಾಗಿ ನಡೆಯುತ್ತಿತ್ತೆಂದು ತಿಳಿಯಬೇಡಿ. ಕೆಲವು ಊರುಗಳಲ್ಲಿ ಸಾವಿರಾರು ಜನರು ಹೆಂಡತಿ ಮಕ್ಕಳೊಡನೆ ನೋಡಲು ಬಂದರು. ಛಾಯಾಚಿತ್ರ ತೆಗೆಸಿ ಅಂಚೆಕಾರ್ಡಾಗಿ ಮಾರಿದರು.

ಮೊದಲಿಗೆ ಮೆಂಫಿಸ್ ನಗರದ ಒಂದು ಕಿರಾಣಿ ಅಂಗಡಿಯ ಕಥೆಯನ್ನು ಕೇಳಿ. 1889ರಲ್ಲಿ ಥಾಮಸ್ ಮಾಸ್ ಎಂಬ ಕಪ್ಪುವರ್ಣೀಯ ಅಂಚೆ ನೌಕರನು ತನ್ನ ಗೆಳೆಯರೊಡನೆ ಸೇರಿ 'ಪೀಪಲ್ಸ್ ಗ್ರೋಸರಿ' ಎಂಬ ಅಂಗಡಿಯನ್ನು ತೆರೆದನು. ಆ ಬಡಾವಣೆಯಲ್ಲಿ ಅದುವರೆಗೆ ಇದ್ದದ್ದು ಒಬ್ಬ ಬಿಳಿಯ ವ್ಯಾಪಾರಿಯ ಅಂಗಡಿ ಮಾತ್ರ. ಗಿರಾಕಿಗಳು ಹೊಸ ಅಂಗಡಿಯತ್ತ ಹೊರಳಿದರು. 1892ರ ಮಾರ್ಚ್ ತಿಂಗಳಲ್ಲಿ ಗೋಲಿ ಆಡುತ್ತಿದ್ದ ಹುಡುಗರ ಜಗಳವೊಂದು ದೊಡ್ಡವರ ಜಗಳವಾಯಿತು. ರಾತ್ರಿಯ ವೇಳೆ ಸಾದಾ ಉಡುಪಿನಲ್ಲಿ ಅಂಗಡಿಗೆ ನುಗ್ಗಿದ ಶಸ್ತ್ರಧಾರಿಗಳ ಮೇಲೆ ಒಳಗಿದ್ದವರು ಗುಂಡು ಹಾರಿಸಿದರು. ಮಾಸ್ ಮತ್ತು ಅವನ ಇಬ್ಬರು ಸಂಗಡಿಗರು ಸೆರೆಮನೆ ಸೇರಿದರು. ಮಾರ್ಚ್ 9ರಂದು ನಸುಕಿನಲ್ಲಿ ಗುಂಪೊಂದು ಅವರನ್ನು ಅಲ್ಲಿಂದ ಹೊರಗೆಳೆದು, ಊರಾಚೆಯ ರೈಲು ಅಂಗಳದಲ್ಲಿ ಗುಂಡಿಕ್ಕಿ ಕೊಂದಿತು. ಅಂಗಡಿಯ ಸರಕು ಅಗ್ಗದ ಬೆಲೆಗೆ ಅದೇ ಪ್ರತಿಸ್ಪರ್ಧಿಯ ಪಾಲಾಯಿತು.

ಮಾಸ್ ದಂಪತಿಗಳ ಮಗಳಿಗೆ ಜ್ಞಾನತಾಯಿಯಾಗಿದ್ದವಳು ಐಡಾ ಬಿ. ವೆಲ್ಸ್. 1862ರಲ್ಲಿ ಗುಲಾಮರ ಮಗಳಾಗಿ ಹುಟ್ಟಿ, ಶಾಲಾ ಶಿಕ್ಷಕಿಯಾಗಿ, ಬಳಿಕ ಮೆಂಫಿಸ್ಸಿನ 'ಫ್ರೀ ಸ್ಪೀಚ್' ಎಂಬ ಪತ್ರಿಕೆಯ ಸಂಪಾದಕಿಯಾದ ಹೆಣ್ಣುಮಗಳು. ಅದುವರೆಗೆ ಆಕೆಯೂ ಎಲ್ಲರಂತೆ, ಹೆಂಗಸರ ಮಾನಭಂಗವಾದಾಗ ಜನರು ರೊಚ್ಚಿಗೆದ್ದು ಕೊಲ್ಲುತ್ತಾರೆ ಎಂದೇ ನಂಬಿದ್ದಳು. ಮಾಸ್‌ನ ಮೇಲೆ ಅಂಥ ಆರೋಪದ ಸುಳಿವೂ ಇರಲಿಲ್ಲ. ಅವನು ಮಾಡಿದ ತಪ್ಪು ಚೆನ್ನಾಗಿ ವ್ಯಾಪಾರ ಮಾಡಿದ್ದು. ವೆಲ್ಸ್ ತನ್ನ ಜನರಿಗೆ ಈ ಊರನ್ನೇ ಬಿಟ್ಟುಹೋಗಿ ಎಂದು ಬರೆದಳು. ಸಾವಿರಾರು ಜನರು ಹೊರಟೇಹೋದರು. ಉಳಿದವರು ಟ್ರಾಮ್ ಹತ್ತುವುದನ್ನು ನಿಲ್ಲಿಸಿದರು. ಆದಾಯ ಕುಸಿದಾಗ ಟ್ರಾಮ್ ಕಂಪನಿಯ ಅಧಿಕಾರಿಗಳೇ ಆಕೆಯ ಕಚೇರಿಗೆ ಬಂದು, ಜನರಿಗೆ ಬುದ್ಧಿ ಹೇಳಿ ಎಂದು ವಿನಂತಿಸಿಕೊಂಡರು. ಮೇ ತಿಂಗಳಲ್ಲಿ ಆಕೆ ಊರಿನಲ್ಲಿ ಇಲ್ಲದಾಗ ಪತ್ರಿಕೆಯ ಕಚೇರಿಯನ್ನು ಧ್ವಂಸ ಮಾಡಲಾಯಿತು. ಮರಳಿ ಬಂದರೆ ಜೀವ ಉಳಿಯದು ಎಂಬ ಬೆದರಿಕೆಯೂ ಬಂದಿತು.

ವೆಲ್ಸ್ ಎಣಿಸತೊಡಗಿದ್ದು ಆಮೇಲೆ. 1882ರಿಂದ ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯು ವರ್ಷಕ್ಕೊಮ್ಮೆ ಇಂಥ ಕೊಲೆಗಳ ಪಟ್ಟಿಯನ್ನು ಪ್ರಕಟಿಸುತ್ತಿತ್ತು. ಅದು ಬಿಳಿಯರದೇ ಪತ್ರಿಕೆ. ಆದುದರಿಂದ ಅದರ ಲೆಕ್ಕವನ್ನು ಯಾರೂ ಉತ್ಪ್ರೇಕ್ಷೆ ಎನ್ನುವಂತಿರಲಿಲ್ಲ. ಆಕೆಯ ಜಾಣ್ಮೆ ಇದ್ದದ್ದು ಇಲ್ಲಿಯೇ. 1892ರಲ್ಲಿ ಒಂದು, 1895ರಲ್ಲಿ ಮತ್ತೊಂದು ಕಿರುಹೊತ್ತಗೆಯನ್ನು ಪ್ರಕಟಿಸಿ, ಕೊಲೆಯಾದವರಲ್ಲಿ ಮಾನಭಂಗದ ಆರೋಪವನ್ನಾದರೂ ಹೊತ್ತಿದ್ದವರು ಮೂರನೆಯ ಒಂದು ಭಾಗದಷ್ಟು ಮಾತ್ರ ಎಂದು ತೋರಿಸಿಕೊಟ್ಟಳು. ಇಡೀ ದೇಶವು ನಂಬಿದ್ದ ನೆಪವನ್ನು ಒಂದು ಕೋಷ್ಟಕ ಒಡೆದುಹಾಕಿತು.

1908ರಿಂದ ಈ ಕೆಲಸವನ್ನು ಅಲಬಾಮದ ಟಸ್ಕೀಗೀ ಸಂಸ್ಥೆಯಲ್ಲಿ ಮನ್ರೋ ವರ್ಕ್ ಎಂಬ ವಿದ್ವಾಂಸನು ಕೈಗೆತ್ತಿಕೊಂಡನು. ಪತ್ರಿಕೆಗಳ ತುಣುಕುಗಳನ್ನು ಕತ್ತರಿಸಿ, ಅಂಟಿಸಿ, ತಾಳೆ ನೋಡಿ, ವರ್ಷದಿಂದ ವರ್ಷಕ್ಕೆ ಹಾಳೆ ತುಂಬುವ ನೀರಸವಾದ ಕೆಲಸವದು. ಟಸ್ಕೀಗೀಯ ಲೆಕ್ಕದಂತೆ 1882ರಿಂದ 1968ರವರೆಗೆ ಗುಂಪುಕೊಲೆಗೆ ಬಲಿಯಾದವರು 4,743 ಮಂದಿ. ಅವರಲ್ಲಿ 3,446 ಮಂದಿ ಕಪ್ಪುವರ್ಣೀಯರು. ಮಾಸ್ ಸತ್ತ 1892ರಲ್ಲಿಯೇ ಅತಿ ಹೆಚ್ಚು, ಅಂದರೆ 230. ಒಂದೂ ಗುಂಪುಕೊಲೆ ದಾಖಲಾಗದ ಮೊದಲ ವರ್ಷ 1952.

ಉಳಿದ 1,297 ಜನರನ್ನು ಬಿಳಿಯರೆಂದು ಎಣಿಸಲಾಗಿದೆಯಾದರೂ ಆ ಅಂಕಣದೊಳಗೆ ಮೆಕ್ಸಿಕೊದವರೂ ಇಟಲಿಯವರೂ ಸೇರಿದ್ದಾರೆ. 1891ರ ಮಾರ್ಚ್ 14ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ಒಂದೇ ದಿನ ಹನ್ನೊಂದು ಮಂದಿ ಇಟಲಿಯ ವಲಸಿಗರನ್ನು, ನಮ್ಮದೇ ಕಥೋಲಿಕ ಪರಂಪರೆಯವರನ್ನು, ಸೆರೆಮನೆಗೆ ನುಗ್ಗಿ ಕೊಲ್ಲಲಾಯಿತು. ನಗರದ ಪೊಲೀಸ್ ಮುಖ್ಯಾಧಿಕಾರಿಯ ಕೊಲೆಯ ಮೊಕದ್ದಮೆಯಲ್ಲಿ ಹಿಂದಿನ ದಿನವಷ್ಟೇ ಕೆಲವರು ಖುಲಾಸೆಯಾಗಿದ್ದರು; ಕೊಲೆಯಾದವರಲ್ಲಿ ವಿಚಾರಣೆಯೇ ನಡೆಯದವರೂ ಇದ್ದರು. ಆ ಗುಂಪಿನ ಮುಂದಾಳುಗಳು ಯಾರೆಂದು ಬಲ್ಲಿರಾ? ನಗರದ ಹೆಸರಾಂತ ವಕೀಲರು, ವ್ಯಾಪಾರಸ್ಥರು. ಅಂದು ಅದರಲ್ಲಿ ಭಾಗಿಯಾಗಿದ್ದ ಜಾನ್ ಎಂ. ಪಾರ್ಕರ್ 1920ರಲ್ಲಿ ಲೂಸಿಯಾನದ ರಾಜ್ಯಪಾಲನೇ ಆದನು. ಕೆಲಸವಿಲ್ಲದ ಹುಡುಗರ ಮಾತನ್ನು ಈ ಘಟನೆಯ ಪಕ್ಕದಲ್ಲಿ ಇಟ್ಟು ನೋಡಿ.

ಇನ್ನು ಹತ್ತಿಯ ವಿಚಾರ. ದಕ್ಷಿಣದ ಬದುಕು ನಿಂತಿದ್ದುದೇ ಹತ್ತಿಯ ಮೇಲೆ. 1930ರಲ್ಲಿ ನಡೆದ ಗುಂಪುಕೊಲೆಗಳನ್ನು ಒಂದೊಂದಾಗಿ ತನಿಖೆ ಮಾಡಿದ ಆರ್ಥರ್ ರೇಪರ್ 1933ರ ತನ್ನ ಗ್ರಂಥದಲ್ಲಿ, ಹತ್ತಿಯ ಬೆಲೆ ಇಳಿದ ವರ್ಷಗಳಲ್ಲಿ ಕೊಲೆಗಳು ಹೆಚ್ಚಿದಂತೆ ಕಾಣುತ್ತದೆ ಎಂದು ಗಮನಿಸಿದ್ದನು. 1940ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಇಬ್ಬರು ಮನೋವಿಜ್ಞಾನಿಗಳು, ಕಾರ್ಲ್ ಹೋವ್‌ಲಂಡ್ ಮತ್ತು ರಾಬರ್ಟ್ ಸಿಯರ್ಸ್, 1882ರಿಂದ 1930ರವರೆಗಿನ ಅಂಕಿಗಳನ್ನು ತೆಗೆದುಕೊಂಡು ಇದಕ್ಕೆ ಗಣಿತದ ರೂಪ ಕೊಟ್ಟರು. ಬೆಳೆಯ ಬೆಲೆ ಬಿದ್ದಾಗ ರೈತನಿಗೆ ಹತಾಶೆ. ಹತಾಶೆಗೊಂಡ ಮನಸ್ಸಿಗೆ ಸಿಟ್ಟು. ಮಾರುಕಟ್ಟೆಯ ಮೇಲೆ ಆ ಸಿಟ್ಟನ್ನು ತೀರಿಸಿಕೊಳ್ಳಲಾಗದು, ಆದುದರಿಂದ ಅದು ಎದುರಿಗೆ ಸಿಕ್ಕ ದುರ್ಬಲನ ಮೇಲೆ ಎರಗುತ್ತದೆ. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡಳು ಎಂಬ ನಮ್ಮ ಗಾದೆಯನ್ನು ಬಲ್ಲವರಿಗೆ ಇದು ತಟ್ಟನೆ ಒಪ್ಪಿಗೆಯಾಗುತ್ತದೆ. ಮನೋವಿಜ್ಞಾನದ ಪಠ್ಯಪುಸ್ತಕಗಳಿಗೂ ಒಪ್ಪಿಗೆಯಾಯಿತು. ದಶಕಗಟ್ಟಲೆ ವಿದ್ಯಾರ್ಥಿಗಳು ಇದನ್ನು ಓದಿ ಪರೀಕ್ಷೆ ಬರೆದರು.

ತಕರಾರು ತೆಗೆದವರೂ ಬೇಗನೆ ಬಂದರು. ಐವತ್ತು ವರ್ಷಗಳ ಅವಧಿಯಲ್ಲಿ ಕೊಲೆಗಳು ಒಟ್ಟಾರೆ ಇಳಿಯುತ್ತಿದ್ದವು, ದೇಶದ ಸಂಪತ್ತು ಒಟ್ಟಾರೆ ಏರುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಗಳು ಕಡಿಮೆಯಾಗುತ್ತ ಬಂದವು, ಪದವೀಧರರು ಹೆಚ್ಚುತ್ತ ಬಂದರು. ಅಷ್ಟರಿಂದಲೇ ಗಾಡಿ ಮಾರಿದ್ದರಿಂದ ಪದವಿ ಸಿಕ್ಕಿತೆನ್ನಲಾದೀತೇ? ಯೇಲಿನವರಿಗೂ ಈ ಅಪಾಯ ತಿಳಿದಿತ್ತು. ಆದರೆ ಕಾಲದ ಆ ಏರಿಳಿತವನ್ನು ಅವರು ಲೆಕ್ಕದಿಂದ ಕಳೆದ ವಿಧಾನವೇ ಸರಿಯಿಲ್ಲವೆಂದು 1946ರಲ್ಲಿ ಅಲೆಕ್ಸಾಂಡರ್ ಮಿಂಟ್ಸ್ ತೋರಿಸಿದನು. ಲೆಕ್ಕವನ್ನು ತಿದ್ದಿದಾಗ ಬೆಲೆಗೂ ಕೊಲೆಗೂ ಇದ್ದ ನಂಟು ಬಹಳಷ್ಟು ಸಡಿಲವಾಯಿತು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1998ರಲ್ಲಿ. ಡಾನಲ್ಡ್ ಗ್ರೀನ್ ಮತ್ತು ಸಂಗಡಿಗರು ಒಂದು ಸರಳವಾದ ಕೆಲಸ ಮಾಡಿದರು: 1930ಕ್ಕೆ ನಿಂತಿದ್ದ ಲೆಕ್ಕವನ್ನು ಮುಂದುವರಿಸಿದರು. ಅಲ್ಲಿಂದಾಚೆಗೆ ಬಂದದ್ದು ಮಹಾ ಆರ್ಥಿಕ ಕುಸಿತ. 1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟ್ ಇದ್ದ ಹತ್ತಿ 1931ರ ಹೊತ್ತಿಗೆ 6 ಸೆಂಟಿಗೂ ಕೆಳಗಿಳಿಯಿತು. ಹತಾಶೆಯೇ ಕಾರಣವಾಗಿದ್ದರೆ ಆ ವರ್ಷಗಳಲ್ಲಿ ನೆತ್ತರಿನ ಹೊಳೆ ಹರಿಯಬೇಕಿತ್ತು. ಟಸ್ಕೀಗೀಯ ಪಟ್ಟಿ ಹೇಳುವುದೇ ಬೇರೆ: 1931ರಲ್ಲಿ 13, 1932ರಲ್ಲಿ 8. ಬೆಲೆ ಚೇತರಿಸಿಕೊಳ್ಳತೊಡಗಿದ 1933ರಲ್ಲಿ 28. ಅವರು ಅಲ್ಲಿಗೇ ನಿಲ್ಲಿಸದೆ, ನ್ಯೂಯಾರ್ಕ್ ನಗರದಲ್ಲಿ 1987ರಿಂದ 1995ರವರೆಗೆ ಪೊಲೀಸರು ದಾಖಲಿಸಿದ ದ್ವೇಷಾಪರಾಧಗಳನ್ನು ತಿಂಗಳು ತಿಂಗಳಿನ ನಿರುದ್ಯೋಗದ ಅಂಕಿಗಳೊಡನೆ ಹೋಲಿಸಿದರು. ಕೆಲಸ ಕಳೆದುಕೊಂಡವರು ಹೆಚ್ಚಿದಾಗ ಹಲ್ಲೆಗಳು ಹೆಚ್ಚಿದವೆನ್ನಲು ಆಧಾರ ಸಿಗಲಿಲ್ಲ. ಅದೇ ನಗರದ ಬಡಾವಣೆಗಳನ್ನು ಕುರಿತ ಇನ್ನೊಂದು ಅಧ್ಯಯನದಲ್ಲಿ ಅವರಿಗೆ ಕಂಡದ್ದು ಇದು: ಬಹುಕಾಲ ಬಿಳಿಯರೇ ತುಂಬಿದ್ದ ಬಡಾವಣೆಗೆ ಬೇರೆಯವರು ಹೊಸದಾಗಿ ಬಂದು ನೆಲೆಸತೊಡಗಿದಾಗ ಅವರ ಮೇಲಿನ ಹಲ್ಲೆಗಳು ಹೆಚ್ಚು.

ಹಾಗಾದರೆ ಹಣಕಾಸಿಗೂ ಹಗೆಗೂ ಸಂಬಂಧವೇ ಇಲ್ಲವೇ? ಇದೆ. ಆದರೆ ಅದು ನಮ್ಮ ಅಂಗಳದ ಮಾತು ಹೇಳುವಷ್ಟು ನೇರವಾಗಿಲ್ಲ. ಸ್ಟುವರ್ಟ್ ಟಾಲ್ನೇ ಮತ್ತು ಇ. ಎಂ. ಬೆಕ್ ಎಂಬ ಸಮಾಜವಿಜ್ಞಾನಿಗಳು ಹತ್ತು ದಕ್ಷಿಣ ರಾಜ್ಯಗಳ ಹಳೆಯ ಪತ್ರಿಕೆಗಳನ್ನು ಜಾಲಾಡಿ, ಪ್ರತಿಯೊಂದು ಹೆಸರನ್ನೂ ಪರಿಶೀಲಿಸಿ, ತಪ್ಪುಗಳನ್ನು ತೆಗೆದುಹಾಕಿ, 1882ರಿಂದ 1930ರವರೆಗಿನ 2,805 ಬಲಿಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಹತ್ತಿಯ ಬೆಲೆಯೊಡನೆ ಕೊಲೆಗಳಿಗೆ ಒಂದಿಷ್ಟು ನಂಟು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅವರಿಗೂ ಕಂಡಿತು. ಮುಂದೆ ಅದು ಕ್ಷೀಣಿಸಿತು. ಅವರ ಓದಿನಲ್ಲಿ ನನಗೆ ಮುಖ್ಯವೆನಿಸಿದ್ದು ಬೇರೊಂದು ಸಂಗತಿ. ಮೊದಲ ಮಹಾಯುದ್ಧದ ಕಾಲದಿಂದ ಕಪ್ಪುವರ್ಣೀಯರು ಲಕ್ಷಗಟ್ಟಲೆ ಉತ್ತರದ ಕಾರ್ಖಾನೆಗಳತ್ತ ವಲಸೆ ಹೊರಟರು. ಹೆಚ್ಚು ಕೊಲೆಗಳು ನಡೆದಿದ್ದ ಜಿಲ್ಲೆಗಳಿಂದ ಹೆಚ್ಚು ಜನ ಹೊರಟರು. ಹತ್ತಿ ಬಿಡಿಸಲು ಆಳುಗಳು ಸಿಗದಂತಾದಾಗ, ಅದುವರೆಗೆ ಕಣ್ಣು ಮುಚ್ಚಿಕೊಂಡಿದ್ದ ಭೂಮಾಲೀಕರಿಗೂ ಊರಿನ ಪತ್ರಿಕೆಗಳಿಗೂ ಇದ್ದಕ್ಕಿದ್ದಂತೆ ಗುಂಪುಕೊಲೆಯು ಅನಾಗರಿಕವೆಂದು ತೋಚಿತು. ಹೀಗೆ ತೋಚಬಹುದಾದರೆ, ಇದಕ್ಕೆ ಮೊದಲೇ ಅವರು ಮನಸ್ಸು ಮಾಡಿದ್ದರೆ ತಡೆಯಬಹುದಿತ್ತು ಎಂದಾಯಿತು. ಮೆಂಫಿಸ್ಸಿನ ಟ್ರಾಮ್ ಕಂಪನಿಯ ಅಧಿಕಾರಿಗಳು ಇಪ್ಪತ್ತೈದು ವರ್ಷ ಮುಂಚೆಯೇ ಕಲಿತಿದ್ದ ಪಾಠ ಅದು.

ಕೊಲ್ಲುವವನ ಬಡತನಕ್ಕಿಂತ, ಕೊಲೆಯಾಗುವವನ ಏಳಿಗೆಯು ಆತನ ಮೇಲೆ ಇದ್ದವರಿಗೆ ತಂದ ಕಳವಳವೇ ಈ ಕಥೆಯಲ್ಲಿ ಮತ್ತೆ ಮತ್ತೆ ಎದ್ದು ಕಾಣುತ್ತದೆ. ಪವಿತ್ರ ಗ್ರಂಥದ ಕಾಯಿನನೂ ಹಸಿದು ತಮ್ಮನನ್ನು ಕೊಂದವನಲ್ಲ ಎಂಬುದು ಇಲ್ಲಿ ನೆನಪಾಗುತ್ತದೆ. ನಮ್ಮ ದೇಶದ ಅಂಕಿಗಳೂ ಇದಕ್ಕೆ ದೂರವಿಲ್ಲ. 2001ರಿಂದ 2010ರವರೆಗಿನ ಜಿಲ್ಲಾವಾರು ಅಪರಾಧ ದಾಖಲೆಗಳನ್ನು ಅಭ್ಯಾಸ ಮಾಡಿದ ಅರ್ಥಶಾಸ್ತ್ರಜ್ಞೆ ಸ್ಮೃತಿ ಶರ್ಮಾ, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಮನೆವೆಚ್ಚಕ್ಕೂ ಮೇಲ್ಜಾತಿಯವರ ಮನೆವೆಚ್ಚಕ್ಕೂ ಇರುವ ಅಂತರ ಕಿರಿದಾದಲ್ಲಿ ಅವರ ಮೇಲಿನ ಅಪರಾಧಗಳು ಹೆಚ್ಚಿರುವುದನ್ನು 2015ರಲ್ಲಿ ತೋರಿಸಿದರು. ಇದಕ್ಕೆ ಮುಖ್ಯವಾಗಿ ಕಾರಣವಾದದ್ದು ಮೇಲಿನವರ ಸ್ಥಿತಿಯಲ್ಲಾದ ಬದಲಾವಣೆಯೇ ಎಂದೂ ಹೇಳಿದರು. ಮದುವೆಯ ಮೆರವಣಿಗೆಯಲ್ಲಿ ದಲಿತ ವರನು ಕುದುರೆ ಏರಿದನೆಂದು ಕಲ್ಲು ಬಿದ್ದ ಸುದ್ದಿಗಳನ್ನು ಓದಿರುವ ನಮಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು.

ಹಗೆಯು ಓದುಬರಹವಿಲ್ಲದವರ ಕೆಲಸವೆಂಬ ಮಾತನ್ನೂ ಸ್ವಲ್ಪ ನೋಡೋಣ. 1921ರ ಆಗಸ್ಟ್ 11ರಂದು ಅಲಬಾಮದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, ಸಂತ ಪೌಲರ ದೇವಾಲಯದ ಗುರುನಿವಾಸದ ಜಗಲಿಯ ಮೇಲೆ, ಐರ್ಲೆಂಡ್ ಮೂಲದ ಸ್ವಾಮಿ ಜೇಮ್ಸ್ ಕಾಯ್ಲ್ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಕೊಂದವನು ಮೆಥಡಿಸ್ಟ್ ಬೋಧಕನಾಗಿದ್ದ, ಕು ಕ್ಲಕ್ಸ್ ಕ್ಲಾನ್ ಸಂಘದ ಸದಸ್ಯ. ಕಥೋಲಿಕಳಾಗಿದ್ದ ಅವನ ಮಗಳನ್ನು ಪೋರ್ಟೊರಿಕೊ ಮೂಲದ ಒಬ್ಬ ಕಥೋಲಿಕ ಕೆಲಸಗಾರನಿಗೆ ವಿವಾಹ ಮಾಡಿಸಿದ್ದೇ ಗುರುಗಳ ಅಪರಾಧ. ಆರೋಪಿಯ ಪರ ವಾದಿಸಿದ ವಕೀಲನು ಹ್ಯೂಗೋ ಬ್ಲ್ಯಾಕ್. ಮದುಮಗನು ನ್ಯಾಯಾಲಯಕ್ಕೆ ಬಂದಾಗ ಅವನ ಮೈಬಣ್ಣ ಕಪ್ಪಾಗಿ ಕಾಣಲೆಂದು ಕೋಣೆಯ ಬೆಳಕನ್ನು ತಗ್ಗಿಸುವ ವ್ಯವಸ್ಥೆಯನ್ನೂ ಆತ ಮಾಡಿದ್ದನು. ಆರೋಪಿ ಖುಲಾಸೆಯಾದನು. ಬ್ಲ್ಯಾಕ್ 1923ರಲ್ಲಿ ತಾನೂ ಕ್ಲಾನ್ ಸೇರಿ, ಮುಂದೆ ಅದನ್ನು ಬಿಟ್ಟು, 1937ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶನಾದನು. ವರ್ಣಭೇದದ ಶಾಲೆಗಳನ್ನು ಕಾನೂನುಬಾಹಿರವೆಂದು 1954ರಲ್ಲಿ ಸಾರಿದ ಪೀಠದಲ್ಲಿ ಅವನೂ ಇದ್ದನೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಬೇಕು. ಮನುಷ್ಯರನ್ನು ಒಂದೇ ಪುಟದಲ್ಲಿ ಓದಿ ಮುಗಿಸಲಾಗದು.

ಆ ಕಾಲದ ಕ್ಲಾನ್ ಸಂಘವು ಕಪ್ಪುವರ್ಣೀಯರ ಜೊತೆಗೆ ಕಥೋಲಿಕರನ್ನೂ ಯೆಹೂದ್ಯರನ್ನೂ ವಲಸಿಗರನ್ನೂ ದ್ವೇಷಿಸುತ್ತಿತ್ತು. ಅದರ ಸದಸ್ಯರು ಯಾರು? ಸ್ಥಳೀಯ ಶಾಖೆಗಳ ಹಳೆಯ ಸದಸ್ಯತ್ವದ ಪುಸ್ತಕಗಳನ್ನು ಜನಗಣತಿಯ ದಾಖಲೆಗಳೊಡನೆ ಹೊಂದಿಸಿ ನೋಡಿದ ಅರ್ಥಶಾಸ್ತ್ರಜ್ಞರಾದ ರೋಲಂಡ್ ಫ್ರೈಯರ್ ಮತ್ತು ಸ್ಟೀವನ್ ಲೆವಿಟ್ 2012ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಸದಸ್ಯರು ಸುತ್ತಲಿನ ಜನಸಾಮಾನ್ಯರಿಗಿಂತ ಹೆಚ್ಚು ಓದಿದವರು, ಉತ್ತಮ ಉದ್ಯೋಗದಲ್ಲಿದ್ದವರು. ಸೇರುವಾಗ ಹತ್ತು ಡಾಲರ್ ತೆರಬೇಕಿತ್ತು. ಹೊಸಬರನ್ನು ಸೇರಿಸಿದವನಿಗೆ ಅದರಲ್ಲಿ ಪಾಲು. ಉಡುಪಿಗೆ ಬೇರೆ ಹಣ. ಹಗೆಯನ್ನು ಸರಕಾಗಿ ಮಾರಿ ಮೇಲಿನವರು ಶ್ರೀಮಂತರಾದರು. ಹಸಿದವನಿಗೆ ಆ ಹತ್ತು ಡಾಲರ್ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಹೇಳಿದ ಮೇಲೆ ಅಂಕಿಗಳ ಬಗ್ಗೆಯೇ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದ ಕೇಂದ್ರ ಸರ್ಕಾರವು ದ್ವೇಷಾಪರಾಧಗಳ ಲೆಕ್ಕ ಇಡಬೇಕೆಂದು ಕಾನೂನು ಮಾಡಿದ್ದು 1990ರಲ್ಲಿ. ಆದರೆ ಊರೂರಿನ ಪೊಲೀಸರು ವರದಿ ಕಳುಹಿಸುವುದು ಕಡ್ಡಾಯವಲ್ಲ. 2023ಕ್ಕೆ ಎಫ್‌ಬಿಐ ಪ್ರಕಟಿಸಿದ ಲೆಕ್ಕ 11,862 ಘಟನೆಗಳು. ಮನೆ ಮನೆಗೆ ಹೋಗಿ ಬಲಿಪಶುಗಳನ್ನೇ ಕೇಳುವ ಇನ್ನೊಂದು ಸರ್ಕಾರಿ ಸಮೀಕ್ಷೆಯು 2004ರಿಂದ 2015ರವರೆಗಿನ ಅವಧಿಗೆ ಕೊಟ್ಟ ಸರಾಸರಿ ವರ್ಷಕ್ಕೆ ಎರಡೂವರೆ ಲಕ್ಷ! ಅರ್ಧಕ್ಕಿಂತ ಹೆಚ್ಚು ಜನರು ಪೊಲೀಸರ ಬಳಿಗೇ ಹೋಗಿರಲಿಲ್ಲ. ವರದಿ ಕಳುಹಿಸುವ ಠಾಣೆಗಳಲ್ಲಿಯೂ ಬಹುಪಾಲು ಬರೆಯುವುದು ಸೊನ್ನೆ. ಆ ಸೊನ್ನೆಯು ಶಾಂತಿಯ ಗುರುತೋ, ಕೇಳದ ಕಿವಿಯ ಗುರುತೋ ಎಂದು ಅಂಕಿ ತಾನಾಗಿ ಹೇಳುವುದಿಲ್ಲ. ದೂರನ್ನು ಶ್ರದ್ಧೆಯಿಂದ ಬರೆದುಕೊಳ್ಳುವ ಅನುಕೂಲಸ್ಥ ನಗರವು ಪಟ್ಟಿಯಲ್ಲಿ ಕೆಟ್ಟದಾಗಿ ಕಾಣುತ್ತದೆ. ಬರೆದುಕೊಳ್ಳದ ಊರು ಸಾಧುವಾಗಿ ಕಾಣುತ್ತದೆ. ಹಗೆಗೂ ಆದಾಯಕ್ಕೂ ನಂಟು ಹುಡುಕುವ ಎಲ್ಲ ಅಧ್ಯಯನಗಳೂ ಈ ತೊಡಕನ್ನು ದಾಟಿಯೇ ಮುಂದೆ ಹೋಗಬೇಕು.

ನಮ್ಮಲ್ಲಿ 2017ರ ವರ್ಷಕ್ಕಾಗಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಗುಂಪುಹತ್ಯೆ ಮತ್ತು ದ್ವೇಷಾಪರಾಧಗಳ ಮಾಹಿತಿಯನ್ನು ಸಂಗ್ರಹಿಸಿತು; ಆದರೆ 2019ರಲ್ಲಿ ವರದಿ ಹೊರಬಂದಾಗ ಅದು ಅದರಲ್ಲಿರಲಿಲ್ಲ. ಮಾಹಿತಿ ವಿಶ್ವಾಸಾರ್ಹವಾಗಿರಲಿಲ್ಲ ಎಂಬುದು ಸರ್ಕಾರದ ಉತ್ತರ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103ನೆಯ ಕಲಮಿನ ಎರಡನೆಯ ಭಾಗವು, ಐದು ಅಥವಾ ಹೆಚ್ಚು ಜನರು ಸೇರಿ ಜಾತಿ, ಜನಾಂಗ, ಭಾಷೆ, ಹುಟ್ಟಿದ ಸ್ಥಳ, ವೈಯಕ್ತಿಕ ನಂಬಿಕೆ ಮುಂತಾದ ಕಾರಣಕ್ಕೆ ಕೊಂದರೆ ಅದನ್ನು ಪ್ರತ್ಯೇಕ ಅಪರಾಧವೆಂದು ಹೆಸರಿಸಿದೆ. ಅಮೆರಿಕದಲ್ಲಿ ಗುಂಪುಕೊಲೆಯ ವಿರುದ್ಧ ಸುಮಾರು ಇನ್ನೂರು ಮಸೂದೆಗಳು ಬಿದ್ದುಹೋಗಿ, ಕಡೆಗೆ ಕಾನೂನು ಅಂಗೀಕಾರವಾದದ್ದು 2022ರ ಮಾರ್ಚ್ 29ರಂದು. ಐಡಾ ವೆಲ್ಸ್ ತೀರಿಕೊಂಡು ಆಗಲೇ ತೊಂಬತ್ತೊಂದು ವರ್ಷಗಳಾಗಿದ್ದವು.

ಆಕೆ ಆರಂಭಿಸಿದ ಎಣಿಕೆ ಮಾತ್ರ ಇನ್ನೂ ನಡೆದಿದೆ. ಅಲಬಾಮದ ಮಾಂಟ್‌ಗೊಮರಿ ನಗರದ 'ಈಕ್ವಲ್ ಜಸ್ಟಿಸ್ ಇನಿಷಿಯೇಟಿವ್' ಎಂಬ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ, ಹಿಂದಿನ ಯಾವ ಪಟ್ಟಿಯಲ್ಲಿಯೂ ಇಲ್ಲದಿದ್ದ ನೂರಾರು ಕೊಲೆಗಳು ಸೇರಿದವು. 2018ರಲ್ಲಿ ಅದೇ ಸಂಸ್ಥೆಯು ಅಲ್ಲಿ ಒಂದು ಸ್ಮಾರಕವನ್ನು ತೆರೆಯಿತು. ಕೊಲೆ ನಡೆದ ಒಂದೊಂದು ಜಿಲ್ಲೆಗೆ ಒಂದೊಂದರಂತೆ ಎಂಟುನೂರಕ್ಕೂ ಹೆಚ್ಚು ಉಕ್ಕಿನ ಕಂಬಗಳು ಛಾವಣಿಯಿಂದ ತೂಗುತ್ತವೆ. ಅವುಗಳ ಮೇಲೆ ಜಿಲ್ಲೆಯ ಹೆಸರು, ಸತ್ತವರ ಹೆಸರು, ದಿನಾಂಕ. ಹೊರಗಿನ ಬಯಲಿನಲ್ಲಿ ಅದೇ ಕಂಬಗಳ ಇನ್ನೊಂದು ಪ್ರತಿಯನ್ನು ಸಾಲಾಗಿ ಮಲಗಿಸಿದ್ದಾರೆ. ಆಯಾ ಜಿಲ್ಲೆಯವರು ಬಂದು, ಇದು ನಮ್ಮದು ಎಂದು ಒಪ್ಪಿ, ತಮ್ಮ ಊರಿಗೆ ಒಯ್ದು ನಿಲ್ಲಿಸಲಿ ಎಂದು. ಹಲವು ಕಂಬಗಳ ಮೇಲೆ ಹೆಸರಿನ ಜಾಗದಲ್ಲಿ 'ಅಜ್ಞಾತ' ಎಂದಷ್ಟೇ ಕೊರೆದಿದೆ.